ಸಮಾಧಿ ಸ್ಥಳದಲ್ಲಿ ಉಳಿದ ಹೊಂಗೆಗಳು

ಹೋದ ತಿಂಗಳು ಎಣಿಸಿದಾಗ ಮಂಡ್ಯದ ನಮ್ಮ ಕ್ರೈಸ್ತ ಸಭೆಯ ಸಮಾಧಿ ಸ್ಥಳದಲ್ಲಿ ನಲವತ್ತೊಂದೋ ನಲವತ್ತೆರಡೋ ಗಿಡಗಳಿದ್ದವು. ನೆಟ್ಟದ್ದು ಐವತ್ತು. ‘ಇಲ್ಲಿ ಪಾರ್ಥೇನಿಯಂ ಬಿಟ್ಟು ಬೇರೇನೂ ಬದುಕದು’ ಎಂದು ಕಮಿಟಿಯಲ್ಲಿ ನಕ್ಕವರೇ ಈಗ ಮಣ್ಣಿಗೆ ಬಂದಾಗ ಹೊಂಗೆಯ ನೆರಳು ಹುಡುಕುತ್ತಾರೆ.

ಮೊದಲ ಸಲ ಎಲ್ಲರಂತೆ ನಾನೂ ಪರಿಸರ ದಿನವಾದ ಜೂನ್ 5ಕ್ಕೇ ನೆಟ್ಟಿದ್ದೆ. ಎಂಬತ್ತು ಸಸಿ, ಬ್ಯಾನರ್, ಫೋಟೊ, ಉಪ್ಪಿಟ್ಟು. ಒಂದಕ್ಕೆ ಸುಮಾರು 800 ರೂಪಾಯಿಯಂತೆ ಇಪ್ಪತ್ತು ಕಬ್ಬಿಣದ ಗಾರ್ಡ್ ಹಾಕಿಸಿದೆ. ಹದಿನಾಲ್ಕು ಗುಜರಿ ಸೇರಿದವು, ಉಳಿದವುಗಳೊಳಗೆ ಮೇಕೆಗಳು ಕತ್ತು ತೂರಿಸಿದವು. ಟ್ಯಾಂಕರ್ ನೀರೂ ಸೇರಿ ಮೂವತ್ತು ಸಾವಿರ ಕರಗಿತು. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರದ ಹೊತ್ತಿಗೆ ಉಳಿದದ್ದು ಒಂಬತ್ತು. ಕಾಣಿಕೆ ಹಣ, ಲೆಕ್ಕ ಕೇಳದೆ ಬಿಡುತ್ತಾರೆಯೇ? ಸಭಾಪಾಲಕರಾದ ಅಯ್ಯನವರೊಬ್ಬರೇ ಸುಮ್ಮನಿದ್ದರು.

ಎಡವಿದ್ದು ಕಾಲದಲ್ಲಿ. ಮುಂಗಾರು ನಮಗೆ ಮೋಡ ತೋರಿಸಿ ಹೋಗುತ್ತದೆ, ಚೆನ್ನಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಸಭೆಗಳು ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲವೂ ಅದೇ: ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ದಿನವಾದ ಅಕ್ಟೋಬರ್ 4ರವರೆಗೆ. 1989ರಲ್ಲಿ ಆರ್ಥೊಡಾಕ್ಸ್ ಸಭೆಯವರು ಗೊತ್ತುಮಾಡಿದ, 2015ರಲ್ಲಿ ಕಥೋಲಿಕರೂ ಒಪ್ಪಿಕೊಂಡ ಆ ಸೆಪ್ಟೆಂಬರ್ 1 ಮಂಡ್ಯದ ಮಳೆಗೆ ಹೇಳಿ ಮಾಡಿಸಿದಂತಿತ್ತು. ಎರಡನೆಯ ಸಲ ಸೆಪ್ಟೆಂಬರಿನ ಮೊದಲ ಭಾನುವಾರ ಆರಾಧನೆ ಮುಗಿಸಿ ಆ ಐವತ್ತನ್ನು ನೆಟ್ಟೆವು. ಬೇಲಿಗೆ ಜಾಲಿ ಮುಳ್ಳು, ಖರ್ಚಿಲ್ಲ.

ಬೇಸಿಗೆಗೆ ಬುಧವಾರದ ಮನೆ ಪ್ರಾರ್ಥನೆಯ ಸರದಿಯನ್ನೇ ನೀರಿನ ಸರದಿ ಮಾಡಿದೆ. ಡಿಸೆಂಬರಿನಿಂದ ಮೇ ತನಕ ಕೂಟ ಸಮಾಧಿ ಸ್ಥಳದಲ್ಲಿ, ಗಿಡಕ್ಕೊಂದು ಬಿಂದಿಗೆ. ನೀರು ಮೊದಲು, ಪ್ರಾರ್ಥನೆ ಆಮೇಲೆ. ತಿರುಗಿಸಿ ನೋಡಿದ್ದೆ, ‘ಆಮೆನ್’ ಅನ್ನುವಷ್ಟರಲ್ಲಿ ಅರ್ಧ ಜನ ಗೇಟಿನಲ್ಲಿದ್ದರು. ಅವರವರ ಹಿರಿಯರ ಸಮಾಧಿಗೆ ಹತ್ತಿರದ ಗಿಡವನ್ನು ಅವರವರಿಗೇ ಒಪ್ಪಿಸಿದ್ದರಿಂದ ಸರದಿ ತಪ್ಪಿಸುವವರು ಕಡಿಮೆಯಾದರು. ಬೇರು ಕಲ್ಲು ಎಬ್ಬಿಸುತ್ತದೆ ಎಂಬ ತಕರಾರಿಗೆ, ಸಮಾಧಿಯಿಂದ ಎಂಟು ಹತ್ತು ಅಡಿ ಬಿಟ್ಟು ಗುಂಡಿ ತೆಗೆಸಿದೆ.

ಗೆದ್ದಲಿಗೆ ಬೇವಿನ ಹಿಂಡಿ ಎಲ್ಲರೂ ಹಾಕುತ್ತಾರೆ. ನಾನು ಅದರೊಂದಿಗೆ ಇನ್ನೊಂದನ್ನು ಬೆರೆಸುತ್ತೇನೆ. ಆಲೆಮನೆಯಲ್ಲಿ ಪುಕ್ಕಟೆ ಸಿಗುತ್ತದೆ, ಏನೆಂದು ಬರೆಯುವುದಿಲ್ಲ.

ನಡುವೆ, ಬೇರಿಗೆ ನೀರು ಜಿನುಗಲೆಂದು ಬತ್ತಿ ಹಾಕಿದ ಮಡಕೆಗಳನ್ನೂ ಹೂತು ನೋಡಿದೆ. ಬೋರ್‌ವೆಲ್ ನೀರಿನ ಸವಳಿಗೆ ಬತ್ತಿ ಕಟ್ಟಿಕೊಂಡಿತು, ಮಡಕೆಗಳನ್ನು ಸಂಡೇ ಸ್ಕೂಲಿನ ಮಕ್ಕಳು ಮುಗಿಸಿದರು. ಸಮಾಧಿಗೆ ಹಾಕಿದ ಹಾರಗಳ ಗೊಬ್ಬರ ಮಾತ್ರ ಕೈಹಿಡಿಯಿತು. ದಾರ, ಥರ್ಮೋಕೋಲ್, ತಂತಿ ಬಿಡಿಸುವುದೇ ದೊಡ್ಡ ಕೆಲಸ. ಸ್ತ್ರೀಯರ ಕೂಟದವರು ಮಾಡಿಕೊಟ್ಟರು. ಮೂರು ತಿಂಗಳಲ್ಲಿ ಸೇವಂತಿಗೆ ಕಪ್ಪು ಪುಡಿಯಾಯಿತು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಚೀಲ ನಾಟಿ ಹುಂಜಕ್ಕಿಂತ ಹೆಚ್ಚಿಗೆ ಹೋಯಿತು! ಒಟ್ಟು ಎರಡೂವರೆ ಸಾವಿರದ ಆಸುಪಾಸು ಬಂದಿರಬೇಕು.

ಈ ಸೆಪ್ಟೆಂಬರಿಗೆ ಮೂವತ್ತು ನೇರಳೆ ಸಸಿ ಹೇಳಿದ್ದೇನೆ. ಹಣ್ಣಿನ ಕಲೆ ಬಿಳಿ ಸಮಾಧಿಗಳ ಮೇಲೆ ಬಿದ್ದಾಗ ಕಮಿಟಿಯಲ್ಲಿ ಮತ್ತೆ ಗಲಾಟೆ ಇದ್ದೇ ಇದೆ. ಸದ್ಯಕ್ಕೆ ಖಜಾಂಚಿಯವರು ಕೊಟೇಷನ್ ಕೇಳದೆ ಸಹಿ ಹಾಕಿದ್ದಾರೆ.