ಬೇಕರಿಯಲ್ಲಿ ಈಥೈಲ್ ವೆನಿಲಿನ್: ನನ್ನ ಅನುಭವ

ಹಾಸನ ಜಿಲ್ಲೆಯಿಂದ ಬಂದ ನಮ್ಮ ಕುಟುಂಬ ಪುಣೆಯಲ್ಲಿ ನಡೆಸುತ್ತಿರುವ ಅಯ್ಯಂಗಾರ್ ಬೇಕರಿಯಲ್ಲಿ ಬಹುಕಾಲ ವೆನಿಲಾ ಪರಿಮಳ ಕೊಡುವ ವೆನಿಲಿನ್ ಪುಡಿಯನ್ನೇ ಬಳಸುತ್ತಿದ್ದೆವು. ಕಿಲೋ ಮೈದಾಗೆ ಒಂದು ಗ್ರಾಂ ಎಂಬುದು ನಮ್ಮ ವಾಡಿಕೆ. ಬೆಣ್ಣೆ ಬಿಸ್ಕತ್ತಿನ ಪರಿಮಳ ಇನ್ನಷ್ಟು ಗಾಢವಾಗಿರಲಿ ಎಂದು ರವಿವಾರ ಪೇಟೆಯ ಸಗಟು ಅಂಗಡಿಯಿಂದ ಅದೇ ಬಗೆಯ ಇನ್ನೊಂದು ಪರಿಮಳದ ಪುಡಿಯಾದ ಈಥೈಲ್ ವೆನಿಲಿನ್ ತಂದಾಗ, ಆ ಬಿಳಿ ಹರಳುಪುಡಿ ನೋಡಲು ಹಳೆಯದರಂತೆಯೇ ಇದ್ದುದರಿಂದ ಅದೇ ಅಳತೆಯಲ್ಲಿ ನೇರವಾಗಿ ಹಿಟ್ಟಿಗೆ ಬೆರೆಸಿಬಿಟ್ಟೆ. ಬಿಸ್ಕತ್ತಿಗೆ ಔಷಧದಂಥ ವಾಸನೆ ಬಂತು, ಹರಳು ಕರಗದೆ ಉಳಿದ ಕಡೆ ನಾಲಗೆಗೆ ಕಹಿ ತಾಗಿತು. ಇಡೀ ದಿನದ ಮಾಲನ್ನು ಎಸೆಯಬೇಕಾಯಿತು.

ವೆನಿಲಿನ್ ಅಣುವಿನಲ್ಲಿ ಮೀಥಾಕ್ಸಿ ಎಂಬ ಪರಮಾಣು ಗುಂಪು ಇರುವಲ್ಲಿ ಈಥೈಲ್ ವೆನಿಲಿನ್‌ನಲ್ಲಿ ಅದಕ್ಕಿಂತ ತುಸು ದೊಡ್ಡದಾದ ಈಥಾಕ್ಸಿ ಗುಂಪಿದೆ. ಇಷ್ಟೇ ವ್ಯತ್ಯಾಸಕ್ಕೆ ಪರಿಮಳದ ಬಲ ಎರಡರಿಂದ ನಾಲ್ಕು ಪಟ್ಟು ಹೆಚ್ಚುತ್ತದೆ. ಹಾಗಾಗಿ ನಾನು ಕಿಲೋ ಮೈದಾಗೆ 0.25 ಗ್ರಾಂನಿಂದ ಆರಂಭಿಸಿ, ಪ್ರತಿದಿನ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಮನೆಯವರಿಗೂ ಕೆಲಸದ ಹುಡುಗರಿಗೂ ತಿನ್ನಿಸಿ ನೋಡಿ, ಕೊನೆಗೆ 0.35 ಗ್ರಾಂನಲ್ಲಿ ನಿಲ್ಲಿಸಿದೆ.

ಇಷ್ಟು ಸಣ್ಣ ತೂಕವನ್ನು ಬೆಳಗಿನ ಗಡಿಬಿಡಿಯಲ್ಲಿ ದಿನವೂ ತೂಗುವುದು ಆಗದ ಮಾತು. ಈ ಪುಡಿ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆದರೆ ಸುವಾಸನೆಗಳನ್ನು ಕರಗಿಸಲು ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಚೆನ್ನಾಗಿ ಕರಗುತ್ತದೆ. ಆಹಾರ ದರ್ಜೆಯ ಗ್ಲೈಕಾಲ್‌ಗೆ 5 ಗ್ರಾಂ ಪುಡಿ ಹಾಕಿ, ಉಗುರು ಬೆಚ್ಚಗೆ ಮಾಡಿ ಕಲಕಿ, ಒಟ್ಟು ದ್ರಾವಣ 100 ಮಿಲಿ ಆಗುವಂತೆ ಮಾಡಿಟ್ಟುಕೊಂಡರೆ, ಕಿಲೋ ಮೈದಾಗೆ 7 ಮಿಲಿ ಸಾಕು. ಬೆಣ್ಣೆ, ಸಕ್ಕರೆ ನೊರೆಯಾಗುವಂತೆ ತಿರುಗಿಸುವಾಗಲೇ ಇದನ್ನು ಸೇರಿಸುತ್ತೇನೆ. ಜಿಡ್ಡಿನಲ್ಲಿ ಬೆರೆತ ಪರಿಮಳ ಹಿಟ್ಟಿನುದ್ದಕ್ಕೂ ಸಮನಾಗಿ ಹರಡುತ್ತದೆ.

ಒಂದು ಮಳೆಗಾಲದಲ್ಲಿ ಪುಡಿಯ ಡಬ್ಬಿಯೊಳಗೆ ಕಬ್ಬಿಣದ ಚಮಚ ಮರೆತಿದ್ದೆ. ಚಮಚ ತಾಗಿದ್ದ ಪುಡಿ ಕೆಂಪಗಾಗಿತ್ತು. ಕಬ್ಬಿಣವಾಗಲಿ ಕ್ಷಾರವಾಗಲಿ ತಗುಲಿದರೆ ಈ ವಸ್ತು ಕೆಂಪಾಗಿ ಪರಿಮಳ ಕಳೆದುಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ಪುಡಿಯನ್ನೂ ದ್ರಾವಣವನ್ನೂ ಕಂದು ಗಾಜಿನ ಶೀಶೆಯಲ್ಲಿ, ಪ್ಲಾಸ್ಟಿಕ್ ಮುಚ್ಚಳ ಹಾಕಿ, ಭಟ್ಟಿಯಿಂದ ದೂರ ಇಡುತ್ತೇನೆ. ಅಡುಗೆ ಸೋಡಾವೂ ಕ್ಷಾರವೇ ಆದ್ದರಿಂದ, ಮೊಟ್ಟೆಯಿಲ್ಲದ ಕೇಕಿಗೆಂದು ಸೋಡಾ ಕದಡಿದ ನೀರಿಗೆ ಇದನ್ನು ಎಂದೂ ಸುರಿಯುವುದಿಲ್ಲ.

ವೆನಿಲಾ ಕೋಡಿನಲ್ಲಿ ಸಹಜವಾಗಿ ವೆನಿಲಿನ್ ಇರುತ್ತದೆ, ಈಥೈಲ್ ವೆನಿಲಿನ್ ಇರುವುದಿಲ್ಲ. ಇದು ಕಾರ್ಖಾನೆಯಲ್ಲೇ ತಯಾರಾಗುವ ವಸ್ತು. ಆದ್ದರಿಂದ ಪೊಟ್ಟಣದ ಮೇಲೆ ಕೃತಕ ಸುವಾಸನೆ ಸೇರಿಸಿದೆ ಎಂದು ಸ್ಪಷ್ಟವಾಗಿ ಅಚ್ಚು ಹಾಕಿಸಿದ್ದೇನೆ, ವೆನಿಲಾ ಹೂವಿನ ಚಿತ್ರವನ್ನು ತೆಗೆಸಿದ್ದೇನೆ.