ಕುಂಡದ ಗುಲಾಬಿಗೆ ಬೂದಿ ರೋಗ: ನಾನು ನೋಡಿಕೊಳ್ಳುವ ರೀತಿ

ಬೂದಿ ರೋಗ ಬರ್ತಾ ಇದೆ ಅಂತ ನನಗೆ ಮೊದಲು ಗೊತ್ತಾಗುವುದು ಎಳೆ ಎಲೆಯ ಅಂಚು ನೋಡಿ. ಬಿಳಿ ಪುಡಿ ಎದ್ದು ಕಾಣುವುದು ಆಮೇಲೆ. ಅದಕ್ಕೂ ಮುಂಚೆ ಕೆಂಪು ಚಿಗುರೆಲೆ ಮುದುಡುತ್ತದೆ, ಅಂಚು ಮೇಲಕ್ಕೆ ಸುರುಟಿಕೊಳ್ಳುತ್ತದೆ, ಎಲೆಯ ಮೇಲೆ ಅಲ್ಲಲ್ಲಿ ಸಣ್ಣ ಉಬ್ಬು ಏಳುತ್ತದೆ. ತಿರುಗಿಸಿ ಬೆಳಕಿಗೆ ಹಿಡಿದರೆ ತೆಳುವಾದ ಬಿಳಿ ಎಳೆಗಳು ಕಣ್ಣಿಗೆ ಬೀಳುತ್ತವೆ. ಆಗಲೇ ಕೈ ಹಾಕಿದರೆ ಕೆಲಸ ಸಲೀಸು. ಮೊಗ್ಗಿನ ತೊಟ್ಟಿಗೆಲ್ಲ ಹಿಟ್ಟು ಬಳಿದ ಹಾಗೆ ಆದಮೇಲೆ ಆ ಮೊಗ್ಗು ನೆಟ್ಟಗೆ ಅರಳುವುದಿಲ್ಲ. ಅದನ್ನು ಕತ್ತರಿಸಿ ಚೀಲಕ್ಕೆ ಹಾಕುತ್ತೇನೆ. ಗಿಡದ ಬುಡದಲ್ಲಂತೂ ಬಿಡುವುದಿಲ್ಲ.

ಬೂದಿ ರೋಗ ತರುವುದು ಒಂದು ಶಿಲೀಂಧ್ರ, ಅದರ ಹೆಸರು ಪೊಡೊಸ್ಫೇರಾ ಪನ್ನೋಸಾ. ಬೇರೆ ಎಷ್ಟೋ ರೋಗಗಳ ಹಾಗೆ ಇದಕ್ಕೆ ಎಲೆ ಒದ್ದೆಯಾಗಿರಬೇಕು ಅಂತೇನಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಸಾಕು. ರಾತ್ರಿ 15–16 ಡಿಗ್ರಿ, ಹಗಲು 26–27 ಡಿಗ್ರಿ, ಮಳೆ ಇಲ್ಲ: ಇಂಥ ಹವೆ ಅದಕ್ಕೆ ಬಲು ಇಷ್ಟ. ಆಗ ಒಂದು ವಾರದೊಳಗೇ ಹೊಸ ಬೀಜಕಣಗಳು ಎದ್ದು ಗಾಳಿಯಲ್ಲಿ ಪಕ್ಕದ ಕುಂಡಕ್ಕೆ ಹೋಗುತ್ತವೆ. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಆಗಲು ಶುರುವಾದರೆ ನಾನು ದಿನಾ ಬೆಳಿಗ್ಗೆ ಚಿಗುರು ನೋಡುತ್ತೇನೆ. ಬಲಿತ ಎಲೆಗಳ ಬಗ್ಗೆ ಅಷ್ಟು ಚಿಂತೆ ಇಲ್ಲ, ಅವು ಸುಲಭವಾಗಿ ಬಗ್ಗುವುದಿಲ್ಲ.

ನೆಲದಲ್ಲಿ ಬೆಳೆದ ಗುಲಾಬಿಗಿಂತ ಕುಂಡದ ಗುಲಾಬಿಗೆ ಒಂದು ಕಷ್ಟ ಜಾಸ್ತಿ. ಮಣ್ಣು ಬೇಗ ಒಣಗುತ್ತದೆ. ಬೇರು ಬಾಯಾರಿದ ಗಿಡಕ್ಕೆ ಬೂದಿ ರೋಗ ಬೇಗ ಹತ್ತುತ್ತದೆ. ಔಷಧಿ ಹೊಡೆದು ಹೊಡೆದು ಸುಸ್ತಾದವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಇದು: ಕುಂಡ ಎಷ್ಟು ದೊಡ್ಡದು? ನಾನು 12 ಇಂಚಿಗಿಂತ ಚಿಕ್ಕದರಲ್ಲಿ ದೊಡ್ಡ ಹೂವಿನ ಗಿಡ ಇಡುವುದೇ ಇಲ್ಲ, 14 ಇಂಚು ಇದ್ದರೆ ಇನ್ನೂ ಒಳ್ಳೆಯದು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ತಳದ ತೂತಿನಿಂದ ನೀರು ಹೊರಬರುವ ತನಕ ಹಾಕುತ್ತೇನೆ. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಕೆಳಗಿನ ಬೇರಿಗೆ ಏನೂ ಸಿಗುವುದಿಲ್ಲ.

ಕುಂಡದಿಂದ ಒಂದು ಅನುಕೂಲವೂ ಇದೆ, ಎತ್ತಿ ಬೇರೆ ಕಡೆ ಇಡಬಹುದು ಅಲ್ವಾ? ರೋಗ ಕಂಡ ಗಿಡವನ್ನು ಮೊದಲು ದೂರ ಇಡುತ್ತೇನೆ. ಉಳಿದವನ್ನು ಗೋಡೆಯಿಂದ ಮುಂದಕ್ಕೆ ಎಳೆದು, ಒಂದರ ಎಲೆ ಇನ್ನೊಂದಕ್ಕೆ ತಾಗದಷ್ಟು ಜಾಗ ಬಿಡುತ್ತೇನೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ಗಿಡದ ನಡುವೆ ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಸವರಿದರೆ ಗಾಳಿ ಆಡುತ್ತದೆ. ಎಷ್ಟೋ ಸಲ ಇಷ್ಟಕ್ಕೇ ರೋಗ ಅರ್ಧ ಹತೋಟಿಗೆ ಬಂದದ್ದನ್ನು ನೋಡಿದ್ದೇನೆ.

ಇನ್ನೊಂದು ಅಭ್ಯಾಸ ಕೇಳಿದರೆ ಹಲವರಿಗೆ ಅಚ್ಚರಿ. ಬೆಳಿಗ್ಗೆ ಬರೀ ನೀರನ್ನು ಚಿಗುರಿನ ಮೇಲೂ ಎಲೆಯ ಅಡಿಯಲ್ಲೂ ಜೋರಾಗಿ ಹೊಡೆಯುತ್ತೇನೆ. ಈ ಬೀಜಕಣಗಳಿಗೆ ಮೇಲೆ ನಿಂತ ನೀರು ಆಗಿಬರುವುದಿಲ್ಲ, ಮೊಳೆಯದೆ ಹಾಳಾಗುತ್ತವೆ. ಆದರೆ ಇದು ಬೆಳಿಗ್ಗೆಯೇ ಆಗಬೇಕು. ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಸಂಜೆ ನೀರು ಹೊಡೆದರೆ ಒಂದು ರೋಗ ಓಡಿಸಿ ಇನ್ನೊಂದನ್ನು ಕರೆದಂತಾಗುತ್ತದೆ. ಮೋಡ ಮುಚ್ಚಿದ ದಿನ ನಾನು ಈ ಕೆಲಸ ಮಾಡುವುದಿಲ್ಲ.

ಇಷ್ಟಾದರೂ ಹರಡಿದರೆ ಸಿಂಪಡಣೆ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಬಿಸಿಲು ಏರುವ ಮುಂಚೆ, ವಾರಕ್ಕೊಮ್ಮೆ. ಅಡುಗೆ ಸೋಡಾ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಗುಲಾಬಿಯ ಮೇಲೆ ಇದನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ್ದಾರೆ. ಎಣ್ಣೆ ಜೊತೆ ಸೇರಿದಾಗ ಅದು ಚೆನ್ನಾಗಿ ಕೆಲಸ ಮಾಡಿತ್ತು. ಆದರೂ ಕುಂಡಕ್ಕೆ ನಾನು ಅದನ್ನು ಪದೇ ಪದೇ ಬಳಸುವುದಿಲ್ಲ. ಸೋಡಾದಲ್ಲಿರುವ ಸೋಡಿಯಂ ಕುಂಡದ ಸ್ವಲ್ಪ ಮಣ್ಣಿನಲ್ಲೇ ಸೇರಿಕೊಂಡು ಬೇರಿಗೆ ತೊಂದರೆ ಕೊಡುತ್ತದೆ. ಸೋಡಿಯಂ ಇಲ್ಲದ ಪೊಟ್ಯಾಸಿಯಂ ಬೈಕಾರ್ಬೊನೇಟ್ ಸಿಕ್ಕರೆ ಅದೇ ವಾಸಿ.

ಕೊನೆಯ ಅಸ್ತ್ರ ನೀರಿನಲ್ಲಿ ಬೆರೆಯುವ ಗಂಧಕ (ವೆಟ್ಟಬಲ್ ಸಲ್ಫರ್), ಲೀಟರಿಗೆ 2 ಗ್ರಾಂ. ಕೈಗವಸು, ಮುಖಗವಸು ಹಾಕಿಕೊಂಡೇ ಹೊಡೆಯಬೇಕು. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗದಿದ್ದರೂ ಬೇಡ.

ಗೊಬ್ಬರದ ವಿಷಯವೂ ಇದಕ್ಕೆ ತಳಕು ಹಾಕಿಕೊಂಡಿದೆ. ಯೂರಿಯಾ ಕೊಟ್ಟರೆ ಚಿಗುರು ದಷ್ಟಪುಷ್ಟವಾಗಿ ಬರುತ್ತದೆ, ನೋಡಲು ಖುಷಿ. ಆದರೆ ಅಂಥ ಮೆತ್ತನೆಯ ಚಿಗುರೇ ಈ ಶಿಲೀಂಧ್ರಕ್ಕೆ ಬೇಕಾಗಿರುವುದು. ನಾನು ಎರೆಹುಳು ಗೊಬ್ಬರವನ್ನು ಹಿಡಿ ಹಿಡಿಯಾಗಿ, ತಿಂಗಳಿಗೊಮ್ಮೆ ಮಾತ್ರ ಕೊಡುತ್ತೇನೆ. ರೋಗ ಇರುವಾಗ ಅದನ್ನೂ ನಿಲ್ಲಿಸುತ್ತೇನೆ.

ಹೊಸ ಗಿಡ ತರುವಾಗ ಈಗ ಹೂವಿನ ಬಣ್ಣಕ್ಕಿಂತ ಮೊದಲು ಎಲೆ ನೋಡುತ್ತೇನೆ. ದಪ್ಪಗೆ, ಹೊಳೆಯುವ ಎಲೆಯ ತಳಿಗಳು ನನ್ನ ಕುಂಡಗಳಲ್ಲಿ ಹೆಚ್ಚು ತಾಳಿಕೊಂಡಿವೆ. ತಂದ ಗಿಡವನ್ನು ಹೊಸ ಚಿಗುರು ಬಂದು ಬಲಿಯುವ ತನಕ ಬೇರೆಯೇ ಇಟ್ಟಿರುತ್ತೇನೆ. ಈ ಶಿಲೀಂಧ್ರ ಕಡ್ಡಿಯ ಕಣ್ಣುಗಳೊಳಗೆ ಸದ್ದಿಲ್ಲದೆ ಕೂತಿರಬಲ್ಲದು. ಚಿಗುರು ಒಡೆದಾಗಲೇ ಅದು ಹೊರಗೆ ಕಾಣುವುದು.