ಕೌದಿ ಮ್ಯಾಲೆ ಮಾವಿನ ಎಲಿ: ಕೈ ಅಪ್ಲಿಕ್ ನಾ ಹ್ಯಾಂಗ ಶುರು ಮಾಡಿದೆ

ನಮ್ಮ ಅಕ್ಕಲಕೋಟ ಕಡೆ ಕೌದಿ ಹೊಲ್ಯಾಕ ಬರದ ಹೆಣ್ಮಕ್ಕಳು ಈಗೀಗ ಸಿಗ್ತಾರ, ಮೊದ್ಲ ಸಿಗ್ತಿದ್ದಿಲ್ಲ. ಹಳೇ ಸೀರಿ, ಧೋತರ ಪದರ ಪದರ ಹಾಸೂದು, ಮ್ಯಾಲೆ ಬಣ್ಣದ ತುಂಡ ಇಡೂದು, ಅಂಚಿನಿಂದ ಶುರು ಮಾಡಿ ಸುತ್ತ ಟಾಕಿ ಹಾಕ್ಕೋತ ನಡಬರಕ ಬರೂದು. ತುಂಡೂ ಕೂಡ್ತಾವ, ಕೌದಿನೂ ಮುಗೀತದ. ನಾನೂ ಅದನ್ನ ಮಾಡ್ಕೋತ ಬಂದಾಕಿ. ಆದ್ರ ಅದರಾಗ ಚೌಕ, ಪಟ್ಟಿ, ತ್ರಿಕೋನ ಬಿಟ್ರ ಬ್ಯಾರೆ ಆಕಾರ ಕಮ್ಮಿ, ನನಗ ಎಲಿ ಬಳ್ಳಿ ಬೇಕಾಗಿತ್ತು, ಅದೂ ಹೊಲಿಗಿ ಮ್ಯಾಲೆ ಕಾಣದಂಗ. ಅದಕ್ಕ ಸೂಜಿ ತುದೀಲೆ ಅಂಚು ಒಳಗ ದಬ್ಕೋತ ಹೊಲಿಯೂ ಅಪ್ಲಿಕ್ ಹಿಡದೆ, ನೀಡಲ್ ಟರ್ನ್ ಅಂತಾರ ಇದಕ್ಕ. ಅಪ್ಲಿಕ್ ಅಂದ್ರ ಒಂದು ಅರಿವಿಯಿಂದ ಆಕಾರ ಕತ್ತರಿಸಿ ಇನ್ನೊಂದು ಅರಿವಿ ಮ್ಯಾಲೆ ಇಟ್ಟು ಹೊಲಿಯೂದು. ಮಷಿನ್ ಬ್ಯಾಡ, ಗೋಂದ ಬ್ಯಾಡ.

ಹೊಸದಾಗಿ ಕಲಿಯೂರಿಗೆ ಎಲ್ಲಾರೂ ಹಾರ್ಟ್ ಹೊಲೀರಿ, ಇಲ್ಲಾ ಗುಂಡಂದು ಹೊಲೀರಿ ಅಂತಾರ. ನನಗ ಇದು ಒಪ್ಪಿಗಿಲ್ಲ. ಗುಂಡಂದರಾಗ ಎಲ್ಲೂ ಕೈಗೆ ಬಿಡುವ ಇಲ್ಲ, ಸುತ್ತ ಬರೇ ವಂಕು, ಚೂರು ತಪ್ಪಿದ್ರೂ ಮೂಲಿ ಮೂಲಿ ಕಾಣ್ತದ. ಮಾವಿನ ಎಲಿ ತಗೋರಿ. ಎರಡು ಕಡೆ ಉದ್ದಕ ಸಾವಕಾಶ ಹೋಗೂ ವಂಕು, ಎರಡು ತುದಿ, ಮುಗೀತು. ಅದು ಬಂದ ಮ್ಯಾಲೆ ವೀಳ್ಯದೆಲಿ ಹೊಲೀರಿ, ಅದರಾಗ ತೊಟ್ಟಿನ ಕಡೆ ಒಳಗ ಹೋಗೂ ಕಚ್ಚು ಇರ್ತದ, ಹಾರ್ಟಿಗೆ ಬೇಕಾಗಿದ್ದೆಲ್ಲಾ ಅದರಾಗ ಅದ.

ಅರಿವಿ ವಿಷಯ. ಸೊಲ್ಲಾಪುರದ ನವಿ ಪೇಠದಾಗ ಕಟ್‌ಪೀಸಿಗೆ ಬರ ಇಲ್ಲ, ಯುನಿಫಾರ್ಮ್ ಹೊಲಿಯೂ ಊರು ಬ್ಯಾರೆ, ಚೀಲಗಟ್ಲೆ ತುಂಡ ಸಿಗ್ತಾವ, ಆದ್ರ ಅದರಾಗ ಹೆಚ್ಚಾಗಿ ಟೆರಿಕಾಟ್, ಮಡಚಿದ್ರ ಮಡಚಿಕೊಂಡು ಇರಂಗಿಲ್ಲ, ಬೆರಳು ತಗದ ಕೂಡ್ಲೆ ಎದ್ದು ಕುಂಡ್ರತದ. ಪೂರ್ತಿ ಕಾಟನ್ನ ಬೇಕು, ಪಾಪ್ಲಿನ್ ಇಲ್ಲಾ ಕೇಂಬ್ರಿಕ್. ಮಲ್‌ಮಲ್ ಮತ್ತ ಭಾಳ ಹಳೇ ಸೀರಿ ಎಳಿ ಬಿಡ್ತಾವ. ಖಣ ನೋಡಾಕ ಚಂದ, ಅಂಚು ಬಿಚ್ಚೂದರಾಗ ಅದಕ್ಕಿಂತ ಕಡೀದ ಇಲ್ಲ. ಮೊದ್ಲ ಎಲ್ಲಾ ತೊಳದು ಒಣಗಿಸಿ ಇಸ್ತ್ರಿ ಮಾಡಬೇಕು, ಕೆಂಪು ಮತ್ತ ನೀಲಿ ಇದ್ರ ಒದ್ದಿ ಬಿಳಿ ತುಂಡಿನಿಂದ ತಿಕ್ಕಿ ನೋಡ್ಬೇಕು, ಬಣ್ಣ ಹತ್ತಿದ್ರ ಅದನ್ನ ಬಿಟ್ಟ ಬಿಡ್ರಿ.

ಸೂಜಿ ದಾರದಾಗ ಕೌದಿ ಹೊಲಿಯೂರಿಗೆ ಭಾಳ ಫರಕ್ ಅನಸ್ತದ. ನಮ್ಮ ಸೂಜಿ ದಪ್ಪ, ದಾರ ದಪ್ಪ. ಇಲ್ಲಿ 10ನೇ ನಂಬರಿನ ಶಾರ್ಪ್ಸ್ ಸೂಜಿ, ನಂಬರ್ ಹೆಚ್ಚಾದಂಗ ಸೂಜಿ ಸಣ್ಣ. ದಾರನೂ ಹಂಗ, 50 ಇಲ್ಲಾ 60 ನಂಬರಿನ ಕಾಟನ್ ಸಿಕ್ರ ಛಲೋ. ಬಣ್ಣ ಎಲಿಗೆ ಹೊಂದಬೇಕು, ಕೆಳಗಿನ ಅರಿವಿಗೆ ಅಲ್ಲ. ಒಂದ ಮೊಳ ಅಂದ್ರ 18 ಇಂಚ್ ದಾರ ಸಾಕು, ಉದ್ದ ತಗೊಂಡ್ರ ಗಂಟ ಬೀಳ್ತದ, ಮ್ಯಾಲೆ ಅರಿವಿಯೊಳಗ ಎಳದೆಳದು ನವೀತದ.

ಎಲಿ ಆಕಾರಕ್ಕ ನಾ ಮದುವಿ ಪತ್ರಿಕಿ ಕತ್ತರಿಸ್ತೀನಿ, ದಪ್ಪ ಇರ್ತದ, ಮನ್ಯಾಗ ಕಟ್ಟ ಬಿದ್ದಿರ್ತಾವ. ಅರಿವಿಯ ಸುಲ್ಟಾ ಕಡೆನ, ಅಂದ್ರ ಮ್ಯಾಲೆ ಕಾಣೂ ಕಡೆನ ಇಟ್ಟು ಗೆರಿ ಹೊಡೀಬೇಕು, ಬಿಳಿ ಅರಿವಿಗೆ ಸಣ್ಣ ಪೆನ್ಸಿಲ್, ಕಪ್ಪು ಬಣ್ಣಕ್ಕ ಒಣಗಿ ತೆಳ್ಳಗಾದ ಸಾಬೂನು ಚೂರು. ಗೆರಿಯಿಂದ ಹೊರಗ ಕಾಲು ಇಂಚಿಗಿಂತ ಕಮ್ಮಿ, ಸುಮಾರ 5 ಮಿಲಿಮೀಟರ್ ಬಿಟ್ಟು ಕತ್ತರಿಸೂದು. ಹೆಚ್ಚು ಬಿಟ್ರ ಒಳಗ ಮುದ್ದಿ ಆಗ್ತದ, ಕಮ್ಮಿ ಬಿಟ್ರ ಎಳಿ ಹೊರಗ ಬರ್ತಾವ. ಎಲಿನ ಕೆಳಗಿನ ಅರಿವಿ ಮ್ಯಾಲೆ ಇಟ್ಟು ಕಚ್ಚಾ ಟಾಕಿ ಹಾಕ್ರಿ, ಗೆರಿಯಿಂದ ಅರ್ಧ ಇಂಚ್ ಒಳಗ, ಅಂದ್ರ ಅಂಚು ಮಡಚಾಕ ಜಾಗ ಉಳೀತದ. ಪಿನ್ನಿಗೆ ದಾರ ಸಿಕ್ಕಿಕೊಂಡು ತಲಿ ಕೆಡ್ತದ, ಅದಕ್ಕ ನಾ ಪಿನ್ ಬಿಟ್ಟೀನಿ.

ಈಗ ಮುಖ್ಯ ಕೆಲಸ. ಯಾವತ್ತೂ ತುದಿಯಿಂದ ಶುರು ಮಾಡಬ್ಯಾಡ್ರಿ, ಎಲಿ ಬಾಜೂದಿಂದ ಮಾಡ್ರಿ. ಇಡೀ ಅಂಚು ಮೊದ್ಲ ಮಡಚಾಕ ಹೋಗೂದಲ್ಲ, ಮುಂದಿನ ಎರಡು ಮೂರು ಟಾಕಿಗೆ ಎಷ್ಟ ಬೇಕೋ ಅಷ್ಟ. ಸೂಜಿ ತುದೀಲೆ ಅಂಚನ್ನ ಕೆಳಗ ಸರಿಸಿ, ಪೆನ್ಸಿಲ್ ಗೆರಿ ಕಾಣದಂಗ ಆದ ಮ್ಯಾಲೆ ಎಡಗೈ ಹೆಬ್ಬೆರಳಲೆ ಒತ್ತಿ ಹಿಡೀರಿ. ಸೂಜಿ ಕೆಳಗಿಂದ ಬಂದು ಮಡಿಕಿ ಅಂಚಿನ ಒಂದೆರಡು ಎಳಿ ಅಷ್ಟ ಹಿಡೀಬೇಕು. ಅಲ್ಲಿಂದ ನೆಟ್ಟಗ, ಅದರ ಎದುರಿಗೇನ, ಕೆಳಗಿನ ಅರಿವಿಯೊಳಗ ಇಳೀಬೇಕು. ಅರಿವಿ ಕೆಳಗ 2 ಮಿಲಿಮೀಟರ್ ಮುಂದ ಹೋಗಿ ಮತ್ತ ಮ್ಯಾಲೆ. ದಾರ ಮುಂದ ಹೋಗೂದೆಲ್ಲಾ ಕೆಳಗ, ಮ್ಯಾಲೆ ಬರೇ ಚುಕ್ಕಿ. ಎಳಿಯೂ ಮುಂದ ಸ್ವಲ್ಪ ತಡೀರಿ, ಜಗ್ಗಿ ಎಳದ್ರ ಎಲಿ ಸುತ್ತ ಅರಿವಿ ಸುಕ್ಕ ಬೀಳ್ತದ. ಏಪ್ರಿಲ್ ಮೇದಾಗ ನಮ್ಮ ಕಡೆ ಕೈ ಬೆವತು ಸೂಜಿ ಹೋಗಂಗಿಲ್ಲ, ಬೆರಳಿಗೆ ಪೌಡರ್ ಹಚ್ಕೊಂಡು ಮುಂಜಾನೆನ ಕುಂಡ್ರತೀನಿ.

ತುದಿಗೆ ಬಂದಾಗ ಹೆದರಿಕಿ ಆಗ್ತದ, ಅವಸರ ಬ್ಯಾಡ. ಗೆರಿ ಗೆರಿ ಕೂಡೂ ಜಾಗಕ್ಕ ಬರೋಬ್ಬರಿ ಹೋಗಿ ಅಲ್ಲೇ ಎರಡು ಟಾಕಿ. ಈಗ ಮಡಚಿದ ಅಂಚಿಂದು ಒಂದು ಕಿವಿ ಆ ಕಡೆ ಹೊರಗ ಇಣುಕ್ತಿರ್ತದ, ಅದನ್ನ ಕತ್ತರಿಸಿ ತಗೀರಿ. ಆಮ್ಯಾಲೆ ತುದಿನ ಕೆಳಗ ಮಡಚಿ, ಒದ್ದಿ ಮಾಡಿದ ಟೂತ್‌ಪಿಕ್‌ಲೆ ಉಳದಿದ್ದನ್ನ ಒಳಗ ನೂಕ್ರಿ, ಕಟಗಿ ಒದ್ದಿ ಆದ್ರ ಅರಿವಿ ಹಿಡೀತದ, ಸೂಜಿ ಜಾರ್ತದ. ವೀಳ್ಯದೆಲಿ ಕಚ್ಚಿನಾಗ ಉಲ್ಟಾ, ಅಲ್ಲಿ ಗೆರಿ ತನಕ ಕತ್ರಿ ಹಚ್ಚಬೇಕಾಗ್ತದ, ಮಡಚಾಕ ಏನೂ ಉಳಿಯಂಗಿಲ್ಲ, ಅದಕ್ಕ ಟಾಕಿ ಒತ್ತೊತ್ತಾಗಿ, ಸ್ವಲ್ಪ ಆಳ ಹಿಡದು ಹಾಕೂದು. ಒಳವಂಕು ಇದ್ದಲ್ಲೂ ಸಣ್ಣ ಸಣ್ಣ ಕತ್ರಿ ಗುರುತು ಬೇಕು, ಹೊರವಂಕಿಗೆ ಬ್ಯಾಡ.

ಗುಂಡಂದಕ್ಕ ಬ್ಯಾರೆ ಉಪಾಯ ಅದ, ಸುತ್ತ ದಾರ ಓಡಿಸಿ ರಟ್ಟಿನ ಬಿಲ್ಲಿ ಮ್ಯಾಲೆ ಜಗ್ಗಿ ಇಸ್ತ್ರಿ ಮಾಡಿ, ರಟ್ಟ ತಗದು ಹೊಲಿಯೂದು.

ಕೆಳಗಿನ ಚೌಕ 9 ಇಂಚ್ ಬೇಕಿದ್ರ ಹತ್ತೂವರಿ ಕತ್ತರಿಸ್ಕೋರಿ, ಹೊಲಿತಾ ಹೊಲಿತಾ ಅದು ಕುಗ್ತದ, ಕಡೀಕ ಅಳದು ಸರಿ ಮಾಡಿದ್ರ ಆತು, ಚೌಕ ಒಂದಕ್ಕೊಂದು ಜೋಡಿಸೂ ಹೊಲಿಗಿಗೆ ಸುತ್ತ ಕಾಲು ಇಂಚ್ ಬಿಡೂದು ಮರೀಬ್ಯಾಡ್ರಿ. ಇಸ್ತ್ರಿ ಮಾಡೂದು ಉಲ್ಟಾ ಕಡೆಯಿಂದ, ಕೆಳಗ ಟರ್ಕಿ ಟಾವೆಲ್ ಮಡಚಿ ಹಾಕಿ, ಸೊಲ್ಲಾಪುರದಾಗ ಅದಕ್ಕೇನ ಕಮ್ಮಿ. ಎಲಿ ಟಾವೆಲ್ಲಿನ ಮೆತ್ತಗಿದ್ದರಾಗ ಇಳೀತದ, ಚಪ್ಪಟಿ ಆಗಂಗಿಲ್ಲ.

ಪದರ ಸೇರಿಸಿ ಟಾಕಿ ಹಾಕೂ ಮುಂದ ನಮ್ಮ ಮನ್ಯಾಗ ವಾದ ಆತು. "ಅತ್ತೀ, ಎಲಿ ಮ್ಯಾಲೆ ಹಾಯಿಸಬ್ಯಾಡ್ರಿ, ಸುತ್ತ ಹಾಕೂಣು" ಅಂದೆ. ಎಲಿ ಸುತ್ತ ಅದರದ ಆಕಾರಕ್ಕ ಸಾಲು ಸಾಲು ಹೋದ್ರ ಎಲಿ ಉಬ್ಬಿ ಕಾಣ್ತದ. ಅವರು ಕೈಯಾಡಿಸಿ ನೋಡಿ, "ಇಷ್ಟ ಅಗಲ ಖಾಲಿ ಬಿಟ್ರ ನಾಕ ಸಲ ಒಗದ ಮ್ಯಾಲೆ ಒಳಗಿಂದು ಸರದು ಮುದ್ದಿ ಆಗ್ತದ ನೋಡವಾ" ಅಂದ್ರು. ಸಣ್ಣ ಎಲಿಗೆ ನನ್ನ ಮಾತ ನಡೀತು, ಅಂಗೈಗಿಂತ ದೊಡ್ಡವಕ್ಕ ಅವರದ ಖರೇ. ಅದಕ್ಕ ದೊಡ್ಡ ಎಲಿ ನಡಬರಕ ಒಂದು ಉದ್ದ ಟಾಕಿ ಸಾಲು, ಅದರಿಂದ ಆ ಕಡೆ ಈ ಕಡೆ ಅಡ್ಡ ಸಾಲು ಹಾಕಿದ್ವಿ. ಪದರನೂ ಹಿಡೀತು, ಎಲಿ ನರನೂ ಬಂದ್ವು. ಎಲಿ ಹಿಂದಿನ ಅರಿವಿ ಕತ್ತರಿಸಿ ತಗಿಯೂ ಪದ್ಧತಿನೂ ಅದ, ಗ್ವಾಡಿಗೆ ತೂಗು ಹಾಕೂದಿದ್ರ ತಗೀರಿ, ದಿನಾ ಹೊಚ್ಕೊಳ್ಳೂ ಕೌದಿಗೆ ನಾ ತಗಿಯಂಗಿಲ್ಲ.